ಹೆಂಡತಿ ತೀರಿಕೊಂಡ ಮೇಲೆ ಇನ್ನೊಂದು ಮದುವೆ: ಮುಂಬಯಿ ಮನೆಯೊಳಗೆ ಮಾಡಿ ಮುಗಿಸಬೇಕಾದ ಕೆಲಸಗಳು

ಮೊದಲ ಹೆಂಡತಿಯನ್ನು ಮರೆತ ಮೇಲೆಯೇ ಎರಡನೇ ಮದುವೆಯ ಮಾತೆತ್ತಬೇಕು ಎನ್ನುವವರಿದ್ದಾರೆ. ಎರಡನೆಯವರು ಬಂದರೆ ಮೊದಲಿನವರ ನೆನಪು ತಾನಾಗಿಯೇ ಹೋಗುತ್ತದೆ ಎನ್ನುವವರೂ ಇದ್ದಾರೆ. ಎರಡೂ ನಡೆಯುವ ಮಾತಲ್ಲ. ಇಪ್ಪತ್ತು ಮೂವತ್ತು ವರ್ಷ ಜೊತೆಗಿದ್ದವಳ ದುಃಖ ತೆಳುವಾಗುತ್ತದೆ, ಗೌರಿ ಹಬ್ಬಕ್ಕೋ ಮಗಳ ಹೆರಿಗೆಗೋ ಮತ್ತೆ ಗಟ್ಟಿಯಾಗುತ್ತದೆ. ಹೊಸ ಸಂಬಂಧ ಕೆಡುವುದು ಆ ದುಃಖದಿಂದಲ್ಲ. ತೀರಿಕೊಂಡವರಿಗೆ ಮನೆಯಲ್ಲಿ ಯಾವ ಜಾಗ, ವರ್ಷದಲ್ಲಿ ಯಾವ ದಿನ, ಆಸ್ತಿಯಲ್ಲಿ ಯಾವ ಪಾಲು ಎಂದು ಯಾರೂ ಗೊತ್ತು ಮಾಡದೆ ಬಿಡುವುದರಿಂದ ಕೆಡುತ್ತದೆ. ನಾನೂರು ಚದರಡಿಯ ಫ್ಲ್ಯಾಟಿನಲ್ಲಿ ಹಾಗೆ ಬಿಟ್ಟರೆ ಪ್ರತಿ ಡಬ್ಬಿ, ಪ್ರತಿ ಮೊಳೆಯೂ ಆಕೆಯದೇ ಆಗಿರುತ್ತದೆ; ಬಂದವರು ವರ್ಷಗಟ್ಟಲೆ ನೆಂಟರಂತೆ ಇರಬೇಕಾಗುತ್ತದೆ. ಮುಂದಿನದು ಹೆಚ್ಚಾಗಿ ಐವತ್ತು ದಾಟಿದವರಿಗೆ, ಬೆಳೆದ ಮಕ್ಕಳಿರುವವರಿಗೆ ಬರೆದದ್ದು. ಚಿಕ್ಕ ವಯಸ್ಸಿನವರಿಗೂ ಬಹುಪಾಲು ಹೊಂದುತ್ತದೆ.

ಮೊದಲು ಅಡುಗೆಮನೆ

ಮೂರನೇ ತಿಂಗಳಿಗೇ ನೆಂಟರು ಶುರು ಮಾಡುತ್ತಾರೆ: "ಹೀಗೆ ಎಷ್ಟು ದಿನ ಹೋಟೆಲ್ ಊಟ? ಮಾಡಿ ಹಾಕುವವರು ಬೇಡವಾ?" ಈ ಕಾರಣಕ್ಕೆ ಮಾತ್ರ ಮದುವೆಯಾಗಬೇಡಿ. ಹಸಿವಿಗೆ ಅಡುಗೆಯವರನ್ನು ಇಟ್ಟುಕೊಳ್ಳಬಹುದು, ಡಬ್ಬಾ ಹಚ್ಚಿಸಬಹುದು. ಹಸಿವು ಯಾವುದು, ಒಂಟಿತನ ಯಾವುದು ಎಂದು ನಿಮಗೇ ತಿಳಿಯಬೇಕಾದರೆ ಆರು ತಿಂಗಳು ಮನೆಯನ್ನು ನೀವೇ ನಡೆಸಿ ನೋಡಿ.

ಅನ್ನ ಸಾರು ಬಂದರೆ ಸಾಕು. ಬೆಳ್ತಿಗೆ ಅಕ್ಕಿ ಅರ್ಧ ಲೋಟಕ್ಕೆ ಒಂದೂಕಾಲು ಲೋಟ ನೀರು, ಕುಕ್ಕರ್ ಮೂರು ಕೂಗು. ಒಬ್ಬರಿಗೆ ಎರಡು ಹೊತ್ತಿಗೆ ಆಗುತ್ತದೆ. ಕುಚ್ಚಲಕ್ಕಿಗೆ ಈ ಅಳತೆ ನಡೆಯದು, ನಾಲ್ಕು ಪಟ್ಟು ನೀರಿಟ್ಟು ಬೆಂದ ಮೇಲೆ ಗಂಜಿ ಬಸಿಯಬೇಕು. ತೊಗರಿಬೇಳೆಗೆ ಮೂರು ಪಟ್ಟು ನೀರು, ಚಿಟಿಕೆ ಅರಿಸಿನ, ನಾಲ್ಕು ಹನಿ ಎಣ್ಣೆ. ಎಣ್ಣೆ ಹಾಕದಿದ್ದರೆ ನೊರೆ ಉಕ್ಕಿ ಕುಕ್ಕರಿನ ಮುಚ್ಚಳವೆಲ್ಲ ಹಳದಿ. ಸಾರಿನ ಪುಡಿ ಕೊಂಡರಾಯಿತು. ಇದರ ಜೊತೆ ಗ್ಯಾಸ್ ಬುಕಿಂಗ್, ಹಾಲಿನ ಲೆಕ್ಕ, ಸೊಸೈಟಿಯ ಮೆಂಟೆನನ್ಸ್, ಬಿಪಿ ಸಕ್ಕರೆಯ ಮಾತ್ರೆ. ಮಾತ್ರೆಯನ್ನು ಎಷ್ಟೋ ಮನೆಗಳಲ್ಲಿ ಹೆಂಡತಿಯೇ ನೆನಪಿಸುತ್ತಿದ್ದದ್ದು. ಆಕೆ ಹೋದ ಮೊದಲ ವರ್ಷ ಗಂಡಸರ ಆರೋಗ್ಯ ಕುಸಿಯಲು ಇದೂ ಒಂದು ಕಾರಣ. ಏಳು ದಿನದ ಖಾನೆಯಿರುವ ಮಾತ್ರೆ ಡಬ್ಬಿ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಭಾನುವಾರ ತುಂಬಿಸಿಡಿ.

ಇಷ್ಟೆಲ್ಲ ದಾರಿಗೆ ಬಂದ ಮೇಲೂ ಸಂಜೆ ಏಳರಿಂದ ಒಂಬತ್ತರವರೆಗೆ ಮನೆ ಖಾಲಿ ಅನಿಸಿದರೆ, ಕಚೇರಿಯ ಅಥವಾ ಲೋಕಲ್ ಟ್ರೇನಿನ ಒಂದು ಮಾತನ್ನು ಹೇಳಲು ಯಾರೂ ಇಲ್ಲ ಅನಿಸಿದರೆ, ಅದು ಒಂಟಿತನ. ಮದುವೆಯ ಯೋಚನೆಗೆ ಅದು ನ್ಯಾಯವಾದ ಕಾರಣ. ಊರಿನಿಂದ ಅಕ್ಕನನ್ನು ಕರೆಸಿಕೊಂಡು ಆರು ತಿಂಗಳು ಕಳೆದವರಿಗೆ ಇದು ಗೊತ್ತಾಗುವುದೇ ಇಲ್ಲ. ಅಕ್ಕ ಊರಿಗೆ ಹೊರಟ ವಾರವೇ ಸಿಕ್ಕ ಮೊದಲ ಸಂಬಂಧಕ್ಕೆ ಹೂಂ ಅನ್ನುತ್ತಾರೆ.

ದುಃಖ ಎಷ್ಟು ದಿನ

ಶೋಕವನ್ನು ಅಧ್ಯಯನ ಮಾಡಿದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿವರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮನಸ್ಸು ಒಮ್ಮೆ ಕಳೆದುಕೊಂಡವರ ಕಡೆಗೆ, ಒಮ್ಮೆ ಮುಂದಿನ ಬದುಕಿನ ಕಡೆಗೆ ಓಲಾಡುತ್ತದೆ. ಎರಡೂ ಬೇಕು, ಒಂದೇ ದಿನದಲ್ಲಿ ಎರಡೂ ಆಗಬಹುದು. ಬೆಳಿಗ್ಗೆ ಆಕೆಯ ಬಾಚಣಿಗೆ ಕಂಡು ಕಣ್ಣು ತುಂಬಿ, ಸಂಜೆ ಬೇರೊಬ್ಬರ ಫೋನಿಗೆ ಕಾಯುವುದು ಆಷಾಢಭೂತಿತನವಲ್ಲ. ಒಂದೇ ಕಡೆ ಸಿಕ್ಕಿಕೊಂಡರೆ ಮಾತ್ರ ತೊಂದರೆ: ಇಡೀ ದಿನ ನೆನಪಿನಲ್ಲೇ ಮುಳುಗಿರುವುದು, ಇಲ್ಲವೇ ಆಕೆಯ ಹೆಸರನ್ನೇ ಎತ್ತದೆ ಹದಿನಾಲ್ಕು ಗಂಟೆ ದುಡಿಯುವುದು.

ದೀರ್ಘ ಶೋಕ ಕಾಯಿಲೆಯಾಗಿಯೂ ತಿರುಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಅದಕ್ಕೆ ಕನಿಷ್ಠ 6 ತಿಂಗಳ ಗಡಿ ಇಟ್ಟಿದೆ. ಅಮೆರಿಕದ ಮನೋವೈದ್ಯರ 2022ರ ಕೈಪಿಡಿ ದೊಡ್ಡವರಿಗೆ 12 ತಿಂಗಳು ಎನ್ನುತ್ತದೆ. ಆ ಗಡಿ ದಾಟಿದ ಮೇಲೂ ಹೆಚ್ಚುಕಡಿಮೆ ಪ್ರತಿದಿನ ಕೆಲಸ ಮಾಡಲಾಗದಷ್ಟು ಹಂಬಲ, ಆಕೆ ಸತ್ತಿದ್ದಾರೆ ಎಂದು ನಂಬಲಾಗದಿರುವುದು, ಬದುಕಿಗೆ ಅರ್ಥವೇ ಇಲ್ಲ ಅನಿಸುವುದು ಇದ್ದರೆ ಮೊದಲು ವೈದ್ಯರು, ಆಮೇಲೆ ಮದುವೆ. ಕುಡಿತ ಏರಿದ್ದರೂ ಅಷ್ಟೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಕುಸಿದ ಗಂಡಸಿಗೆ ಮದುವೆಯನ್ನೇ ಔಷಧಿಯಾಗಿ ಬರೆದುಕೊಡುವ ಹಿರಿಯರು ಬಂದವಳನ್ನು ನರ್ಸ್ ಮಾಡುತ್ತಿದ್ದೇವೆ ಎಂದು ಯೋಚಿಸುವುದಿಲ್ಲ.

ಕಾನೂನಿನ ಪ್ರಕಾರ ವಿಧುರನಿಗೆ ಕಾಯುವ ಅವಧಿ ಇಲ್ಲ. ಬಹಳ ಮನೆಗಳಲ್ಲಿ ವರ್ಷಾಬ್ದಿಕ ಮುಗಿಯುವವರೆಗೆ ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲ. ಅದನ್ನು ಪಾಲಿಸುವುದೇ ಒಳ್ಳೆಯದು. ಶಾಸ್ತ್ರಕ್ಕಾಗಿ ಅಲ್ಲದಿದ್ದರೂ, ಮೊದಲ ಸುತ್ತಿನ ಹಬ್ಬಗಳನ್ನು ಒಬ್ಬರೇ ದಾಟಿದ ಅನುಭವಕ್ಕಾಗಿ.

ದಿನಗಳನ್ನು ಗುರುತು ಹಾಕಿ

ನಮ್ಮಲ್ಲಿ ತೊಡಕೆಂದರೆ ಒಂದೇ ಸಾವಿಗೆ ವರ್ಷದಲ್ಲಿ ಎರಡು ದಿನ. ಪಂಚಾಂಗದ ತಿಥಿ ಒಂದು, ಇಂಗ್ಲಿಷ್ ತಾರೀಕು ಇನ್ನೊಂದು. ಶ್ರಾದ್ಧ ತಿಥಿಗೆ, ಮಕ್ಕಳ ಸ್ಟೇಟಸ್ಸು ತಾರೀಕಿಗೆ. ಜೊತೆಗೆ ಮದುವೆಯ ದಿನ, ಹುಟ್ಟುಹಬ್ಬ, ಪಿತೃಪಕ್ಷ. ಗಂಡನಿಗಿಂತ ಮೊದಲು ಹೋದ ಮುತ್ತೈದೆಯರಿಗೆಂದೇ ಭಾದ್ರಪದ ಕೃಷ್ಣ ನವಮಿ, ಅಂದರೆ ಅವಿಧವಾ ನವಮಿ, ಇದೆ. ಇವನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಕಾಣುವಂತೆ ಗುರುತು ಮಾಡಿ, ಯಾವುದನ್ನು ಆಚರಿಸುತ್ತೀರಿ ಎಂದು ತೀರ್ಮಾನಿಸಿ. ಎರಡು ದಿನ ಸಾಕು: ಒಂದು ಶಾಸ್ತ್ರಕ್ಕೆ, ಒಂದು ಮಕ್ಕಳ ಜೊತೆ ಕೂತು ಮಾತಾಡಲು. ಉಳಿದ ದಿನಗಳಲ್ಲಿ ಮನಸ್ಸು ಕೆಟ್ಟರೆ ಕೆಡಲಿ. ಆದರೆ "ಇವತ್ತು ಅವಳ ಹುಟ್ಟುಹಬ್ಬ, ಸ್ವಲ್ಪ ಸುಮ್ಮನಿರುತ್ತೇನೆ" ಎಂದು ಬೆಳಿಗ್ಗೆಯೇ ಹೇಳಿಬಿಡಿ. ಹೇಳದೆ ಮುಖ ಗಂಟಿಕ್ಕಿಕೊಂಡು ಕೂತರೆ ಹೊಸಬರು ತಾವೇನು ತಪ್ಪು ಮಾಡಿದೆವೆಂದು ಸಂಜೆಯವರೆಗೆ ಹುಡುಕುತ್ತಾರೆ.

ಶ್ರಾದ್ಧದ ಅಡುಗೆಯನ್ನು ಹೊಸ ಹೆಂಡತಿಯ ತಲೆಗೆ ಕಟ್ಟಬೇಡಿ. ಅವರೇ ಮುಂದಾಗಿ ಮಾಡುತ್ತೇನೆಂದರೆ ಬೇರೆ ಮಾತು. ಜಾಗ ಸಾಲದಿದ್ದರೆ ಮಠಗಳಲ್ಲಿ ವ್ಯವಸ್ಥೆ ಇರುತ್ತದೆ, ವಾಲ್ಕೇಶ್ವರದ ಬಾಣಗಂಗೆಯ ದಂಡೆಯಲ್ಲೂ ಮಾಡಿಸುತ್ತಾರೆ. ಪಕ್ಷಮಾಸದಲ್ಲಿ ಬಾಣಗಂಗೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಪುರೋಹಿತರಿಗೆ ಮುಂಚೆಯೇ ಹೇಳಿಡಬೇಕು.

ಕಪಾಟು, ಫೋನು, ಫೋಟೋ

ಕಪಾಟು ಖಾಲಿ ಮಾಡುವ ಕೆಲಸ ಹುಡುಗಿ ನೋಡುವ ಮಾತಿಗಿಂತ ಮುಂಚೆ ಮುಗಿಯಬೇಕು. ಮದುವೆಯ ಹಿಂದಿನ ವಾರ ಅವಸರದಲ್ಲಿ ಮಾಡಿದರೆ ಮಕ್ಕಳಿಗೆ ಅದು ತಾಯಿಯನ್ನು ಹೊರಗೆ ಹಾಕಿದಂತೆ ಕಾಣುತ್ತದೆ. ಒಬ್ಬರೇ ಕೂರಬೇಡಿ, ಒಂದೇ ದಿನದಲ್ಲಿ ಮುಗಿಸಲೂ ಹೋಗಬೇಡಿ. ಮಗಳು, ಸೊಸೆ, ಆಕೆಯ ಅಕ್ಕತಂಗಿಯರು ಬಂದು ಮೊದಲು ಆರಿಸಿಕೊಳ್ಳಲಿ. ಉಳಿದದ್ದರಲ್ಲಿ ಗಟ್ಟಿ ಸೀರೆಗಳನ್ನು ಉಡುವವರಿಗೆ ಕೊಟ್ಟುಬಿಡಿ. ನಿಮಗೆಂದು ಎರಡು ಮೂರು ವಸ್ತು ಇಟ್ಟುಕೊಳ್ಳಿ, ಒಂದು ಸೂಟ್‌ಕೇಸಿನ ಮಿತಿಯಲ್ಲಿ. ರೇಷ್ಮೆ ಸೀರೆಯಾದರೆ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಮುಂಬಯಿ ಮಳೆಗಾಲದ ತೇವಕ್ಕೆ ಮುಗ್ಗುತ್ತದೆ, ನುಸಿಗುಳಿಗೆ ಜರಿಗೆ ತಾಗಿದರೆ ಜರಿ ಕಪ್ಪಾಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸದಿದ್ದರೆ ಮಡಿಕೆಯಲ್ಲೇ ಸೀಳುತ್ತದೆ.

ಯಾವ ಸೀರೆಯನ್ನೂ ಬಿಡಿಸಿ ನೋಡದೆ ಕೊಡಬೇಡಿ. ಮಡಿಕೆಯೊಳಗೆ ನೋಟು, ಠೇವಣಿ ರಸೀದಿ, ಚಿನ್ನ ಅಡವಿಟ್ಟ ಚೀಟಿ ಇರಬಹುದು. ಅಕ್ಕಿ ಡಬ್ಬಿಯ ತಳ, ದೇವರ ಫೋಟೋದ ಹಿಂಬದಿ ನೋಡಿ. ಚಾಳಿನಲ್ಲೋ ಸೊಸೈಟಿಯಲ್ಲೋ ಆಕೆ ಭಿಶಿ, ಅಂದರೆ ಹೆಂಗಸರ ಚೀಟಿ ಫಂಡು, ಹಾಕುತ್ತಿದ್ದರೇ ಎಂದು ಜೊತೆಯ ಹೆಂಗಸರನ್ನು ಕೇಳಿ: ಎತ್ತಿ ಆಗಿದ್ದರೆ ಉಳಿದ ಕಂತು ಕಟ್ಟುವುದು ನಿಮ್ಮ ಮೇಲೆ, ಎತ್ತಿರದಿದ್ದರೆ ಬರಬೇಕಾದ ಹಣವಿದೆ.

ಫೋನಿನ ವಿಷಯದಲ್ಲಿ ತಡಮಾಡಿದವರೇ ಹೆಚ್ಚು. ಸಿಮ್ ಬಳಸದೆ 90 ದಿನ ಬಿಟ್ಟರೆ ಕಂಪನಿ ಅದನ್ನು ನಿಲ್ಲಿಸಬಹುದು, ನಂತರ ಆ ನಂಬರು ಬೇರೆಯವರಿಗೆ ಹೋಗುತ್ತದೆ. ಒಂದು ದಿನ ಆಕೆಯ ಹೆಸರಿನ ಮುಂದೆ ಯಾರೋ ಹುಡುಗನ ಫೋಟೋ ಬಂದಾಗ ಆಗುವ ಆಘಾತ ಸಣ್ಣದಲ್ಲ. ವಾಟ್ಸ್‌ಆ್ಯಪ್ ಖಾತೆ 120 ದಿನ ಸುಮ್ಮನಿದ್ದರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಅದಕ್ಕೇ ಮೊದಲ ತಿಂಗಳಲ್ಲೇ ನಿಮ್ಮ ಮತ್ತು ಮಕ್ಕಳ ಫೋನಿನಿಂದ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಮೀಡಿಯಾ ಸಮೇತ. ಮುಖ್ಯವಾಗಿ ಧ್ವನಿ ಸಂದೇಶಗಳು. "ಬರುವಾಗ ಕೊತ್ತಂಬರಿ ತನ್ನಿ" ಎಂಬ ಹತ್ತು ಸೆಕೆಂಡು ಮದುವೆಯ ವಿಡಿಯೋಕ್ಕಿಂತ ಬೆಲೆಯುಳ್ಳದ್ದು. ಎರಡು ಪೆನ್‌ಡ್ರೈವಿನಲ್ಲಿ ಹಾಕಿ, ಒಂದು ಮಗಳ ಕೈಗೆ ಕೊಡಿ. ಆಮೇಲೆ ಗೂಗಲ್ ಫೋಟೋಸ್, ಫೇಸ್‌ಬುಕ್ಕಿನ "ನೆನಪು"ಗಳಲ್ಲಿ ಆಕೆಯ ಮುಖವನ್ನೋ ತಾರೀಕನ್ನೋ ಮರೆಮಾಡಿ. ನೀವೇ ಹುಡುಕಿ ನೋಡುವುದು ಒಂದು, ಆಫೀಸ್ ಮೀಟಿಂಗಿನ ನಡುವೆ ಫೋನು ತಾನಾಗಿ ತೋರಿಸುವುದು ಇನ್ನೊಂದು. ಆಕೆಯ ಯುಪಿಐಯಿಂದ ಮಾತ್ರ ಹಣ ತೆಗೆಯಬೇಡಿ. ಮರಣದ ನಂತರ ಖಾತೆಯ ಹಣ ಬ್ಯಾಂಕಿಗೆ ಮರಣ ಪ್ರಮಾಣಪತ್ರ ಕೊಟ್ಟೇ ಬರಬೇಕು.

ಫೋಟೋ ಹಾಲಿನಲ್ಲಿರಲಿ, ಹಿರಿಯರ ಫೋಟೋಗಳ ಸಾಲಿನಲ್ಲಿ. ರೂಢಿಯಂತೆ ದಕ್ಷಿಣದ ಗೋಡೆ. ಎಂಟು ಇಂಚು ಹತ್ತು ಇಂಚಿನದು ಸಾಕು. ಸಣ್ಣ ಹಾಲಿನಲ್ಲಿ ಗೋಡೆಯಷ್ಟು ದೊಡ್ಡ ಫ್ರೇಮು, ಅದಕ್ಕೊಂದು ಝೀರೋ ಬಲ್ಬು ಹಾಕಿದರೆ ಬಂದವರ ಕಣ್ಣು ಮೊದಲು ಅಲ್ಲಿಗೆ, ಆಮೇಲೆ ಹೊಸ ಹೆಂಡತಿಯ ಮುಖಕ್ಕೆ. ಮಲಗುವ ಕೋಣೆಯಲ್ಲಿ ಬೇಡ, ಪರ್ಸಿನಲ್ಲಿದ್ದರೆ ಯಾರಿಗೂ ತೊಂದರೆಯಿಲ್ಲ. ತೆಗೆಯಲೇ ಎಂದು ಹೊಸಬರನ್ನು ಕೇಳಬೇಡಿ: ಹೌದೆಂದರೆ ಕೆಟ್ಟವರು, ಬೇಡವೆಂದರೆ ಸುಳ್ಳು. ನೀವೇ ಮೊದಲು ಜಾಗ ಗೊತ್ತು ಮಾಡಿ ತೋರಿಸಿ.

ಹಾಸಿಗೆ ಹೊಸದು ಕೊಳ್ಳಿ, ಮಂಚದ ದಿಕ್ಕು ಬದಲಿಸಿ. ಕಪಾಟಿನ ಅರ್ಧ ಬಿಟ್ಟುಕೊಡುವುದಲ್ಲ, ಒಂದು ಇಡೀ ಬಾಗಿಲು, ಲಾಕರ್ ಸಮೇತ, ಕೀಲಿ ಅವರ ಕೈಗೆ. ಅಡುಗೆಮನೆಯ ಡಬ್ಬಿಗಳ ಸಾಲನ್ನು ಅವರು ಬಂದ ಮೇಲೆ ಅವರೇ ಬದಲಿಸಲಿ, ಸಾಸಿವೆ ಎಲ್ಲಿ ಎಂದು ನೀವು ಒಂದು ತಿಂಗಳು ಹುಡುಕಿದರೆ ಪರವಾಗಿಲ್ಲ.

ಮಕ್ಕಳು ಮತ್ತು ಆಕೆಯ ತವರು

ದೊಡ್ಡ ಮಕ್ಕಳಿಗೆ ಒಬ್ಬೊಬ್ಬರಿಗೇ, ಎದುರಿಗೆ ಕೂತು ಹೇಳಿ; ದೂರದಲ್ಲಿದ್ದರೆ ವಿಡಿಯೋ ಕರೆ, ಫ್ಯಾಮಿಲಿ ಗ್ರೂಪಿನಲ್ಲಲ್ಲ. ಅಪ್ಪಣೆ ಕೇಳುವ ಧಾಟಿಯೂ ಬೇಡ, ಆಜ್ಞೆ ಹೊರಡಿಸುವ ಧಾಟಿಯೂ ಬೇಡ. ಅವರ ತಲೆಯಲ್ಲಿರುವ ಆದರೆ ಬಾಯಿಗೆ ಬರದ ಪ್ರಶ್ನೆಗಳು ಮೂರು: ಅಮ್ಮನ ಚಿನ್ನ ಯಾರಿಗೆ, ಮನೆ ಯಾರಿಗೆ, ಬಂದವರನ್ನು ಏನೆಂದು ಕರೆಯಬೇಕು. ಕೇಳುವ ಮೊದಲೇ ನೀವು ಉತ್ತರ ಕೊಟ್ಟರೆ ಅರ್ಧ ವಿರೋಧ ಅಲ್ಲೇ ಕರಗುತ್ತದೆ. ಕರೆಯುವ ಹೆಸರು ಮಕ್ಕಳ ಇಷ್ಟ. ಚಿಕ್ಕಮ್ಮ ಅನ್ನಲಿ, ಆಂಟಿ ಅನ್ನಲಿ. "ಅಮ್ಮ" ಅನ್ನಿಸಲು ಹೋಗಬೇಡಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಪರೀಕ್ಷೆ, ಹಬ್ಬ, ತಾಯಿಯ ತಿಥಿಯ ಹತ್ತಿರ ಈ ಮಾತೆತ್ತಬೇಡಿ. ಟಿಫಿನ್ ಯಾರು ಕಟ್ಟುತ್ತಾರೆ, ಶಾಲೆಯ ಕ್ಯಾಲೆಂಡರಿಗೆ (ಡೈರಿಗೆ) ಯಾರು ಸಹಿ ಹಾಕುತ್ತಾರೆ, ರಾತ್ರಿ ಯಾರ ಹತ್ತಿರ ಮಲಗುವುದು ಎಂಬ ಮಟ್ಟದಲ್ಲಿ ವಿವರಿಸಿ. ಅವರಿಗೆ ಬೇಕಾದದ್ದು ಅಷ್ಟೇ.

ತೀರಿಕೊಂಡ ಹೆಂಡತಿಯ ತಂದೆ ತಾಯಿಗೆ ಬೇರೆಯವರ ಬಾಯಿಂದ ಸುದ್ದಿ ಹೋಗಬಾರದು. ಊರಿಗೇ ಹೋಗಿ, ನಿಶ್ಚಿತಾರ್ಥಕ್ಕಿಂತ ಮೊದಲು, ಹೊಸಬರನ್ನು ಕರೆದುಕೊಂಡು ಹೋಗದೆ. ಅತ್ತೆ ಅಳುತ್ತಾರೆ, ಅಳಲಿ. ಅಲ್ಲಿ ಹೇಳಬೇಕಾದದ್ದು: ಮೊಮ್ಮಕ್ಕಳು ಮೊದಲಿನಂತೆ ರಜೆಗೆ ಬರುತ್ತಾರೆ, ಸೋದರಮಾವನ ಜಾಗ ಸೋದರಮಾವನದೇ. ತುಳುನಾಡಿನ ಅಳಿಯಕಟ್ಟಿನ ಮನೆಗಳಲ್ಲಿ ಇದಕ್ಕೆ ಇನ್ನೂ ತೂಕ, ಏಕೆಂದರೆ ಬಳಿ, ಅಂದರೆ ಕುಲದ ಹೆಸರು, ತಾಯಿಯಿಂದ ಬರುವುದು. ಹೆಂಡತಿ ಹೋದರೂ ಮಕ್ಕಳು ಆ ಮನೆಯವರೇ. ಮುಂದೆ ಮಗಳ ಮದುವೆಯಲ್ಲಿ ಧಾರೆಗೆ ನಿಮ್ಮ ಜೊತೆ ಯಾರು ಕೂರುವುದು ಎಂಬ ಪ್ರಶ್ನೆ ಬರುತ್ತದೆ. ಅದನ್ನು ಮಂಟಪದಲ್ಲಿ ಪುರೋಹಿತರು ಕೇಳುವವರೆಗೆ ಬಿಡಬೇಡಿ. ಮಗಳನ್ನು ತಿಂಗಳ ಮುಂಚೆ ಕೇಳಿ, ಅವಳು ಹೇಳಿದಂತೆ ಮಾಡಿ.

ಭೇಟಿ

ಸಂಬಂಧ ಬರುವ ದಾರಿಗಳು ಗೊತ್ತಿರುವಂಥವೇ: ಜಾತಿ ಸಂಘಗಳ ವಧೂವರ ಮೇಳ, ಮ್ಯಾಟ್ರಿಮನಿ ಸೈಟುಗಳು, ಊರಿನ ಪರಿಚಯ. ಮೊದಲ ಭೇಟಿ ಮನೆಯಲ್ಲಿ ಬೇಡ, ಮೊದಲ ಹೆಂಡತಿಯ ಫೋಟೋದ ಕೆಳಗೆ ಯಾರಿಗೂ ಮಾತು ಬರುವುದಿಲ್ಲ. ಮಾಟುಂಗಾದ ಉಡುಪಿ ಹೋಟೆಲೂ ಬೇಡ: ಟೇಬಲ್ ಹಂಚಿಕೊಳ್ಳಬೇಕು, ಇಡ್ಲಿ ಮುಗಿಯುವ ಮೊದಲೇ ಮುಂದಿನವರು ಬೆನ್ನ ಹಿಂದೆ ನಿಂತಿರುತ್ತಾರೆ. ಅಲ್ಲೇ ಹತ್ತಿರದ ಫೈವ್ ಗಾರ್ಡನ್ಸ್ ಬೆಂಚು ಒಳ್ಳೆಯದು. ಪುಣೆಯವರಿಗೆ ಸಾರಸ್‌ಬಾಗ್, ಪಣಜಿಯವರಿಗೆ ಕಾಂಪಾಲ್. ಬೆಳಗಿನ ಹೊತ್ತು, ಮುಕ್ಕಾಲು ಗಂಟೆ.

ಮೊದಲ ಭೇಟಿಯಲ್ಲಿ ಹೆಂಡತಿಯ ವಿಷಯ ಎರಡು ನಿಮಿಷ ಹೇಳಿ: ಯಾವಾಗ ಹೋದರು, ಯಾವ ಕಾಯಿಲೆ, ಈಗ ಮನೆಯಲ್ಲಿ ಏನೇನು ಆಚರಣೆ ಇದೆ. ಅಷ್ಟಕ್ಕೆ ನಿಲ್ಲಿಸಿ. ಆಸ್ಪತ್ರೆಯ ಕೊನೆಯ ಹತ್ತು ದಿನದ ಕತೆ ಹೇಳಲು ತೊಡಗಿದರೆ ಎದುರಿನವರು ಸಂತಾಪಕ್ಕೆ ಬಂದವರಾಗಿಬಿಡುತ್ತಾರೆ. ಅವರೂ ವಿಧವೆಯಾಗಿದ್ದರೆ ಅವರ ಸರದಿಗೂ ಎರಡು ನಿಮಿಷ. ಮೂರನೇ ನಾಲ್ಕನೇ ಭೇಟಿಯ ಹೊತ್ತಿಗೆ ಹಣ, ಆರೋಗ್ಯ, ಯಾರ ಮನೆ, ಯಾರ ಮಕ್ಕಳು ಎಷ್ಟು ದಿನ ಬಂದಿರುತ್ತಾರೆ, ಊಟ ಎಲ್ಲವೂ ಬಾಯಿಬಿಟ್ಟು ಆಗಬೇಕು. ಊಟವನ್ನು ಹಗುರಾಗಿ ತೆಗೆದುಕೊಳ್ಳಬೇಡಿ: ಕುಂದಾಪುರದ ಕುಚ್ಚಲಕ್ಕಿಯ ಮನೆಗೆ ಧಾರವಾಡದ ಕಡೆಯವರು ಬಂದರೆ ರೊಟ್ಟಿ ಬಡಿಯುವ ಸದ್ದಿಗೇ ಮನೆಯವರು ಹುಬ್ಬೇರಿಸಿದ್ದುಂಟು.

ಅವರು ವಿಧವಾ ಪಿಂಚಣಿ ಪಡೆಯುತ್ತಿದ್ದರೆ ಲೆಕ್ಕ ಮೊದಲೇ ಹಾಕಿ. ನೌಕರರ ಪಿಂಚಣಿ ಯೋಜನೆ 1995ರಲ್ಲಿ ವಿಧವೆಯ ಪಿಂಚಣಿ ಮರುಮದುವೆಯವರೆಗೆ ಮಾತ್ರ. ಕೇಂದ್ರ ಸರ್ಕಾರದ ಕುಟುಂಬ ಪಿಂಚಣಿಯೂ ಸಾಮಾನ್ಯವಾಗಿ ನಿಲ್ಲುತ್ತದೆ. ಮಕ್ಕಳಿಲ್ಲದ, ಆದಾಯ ಕಡಿಮೆಯಿರುವ ವಿಧವೆಗೆ ವಿನಾಯಿತಿ ಇದೆ. ತಿಂಗಳಿಗೆ ಬರುತ್ತಿದ್ದದ್ದು ಹೋದರೆ ಅದಕ್ಕೆ ಬದಲಾಗಿ ಅವರ ಹೆಸರಿನಲ್ಲಿ ಏನು ಇಡುತ್ತೀರಿ ಎಂದು ನೀವೇ ಹೇಳಿ. ಈ ಕಾರಣಕ್ಕೇ ಕೆಲವರು ಮದುವೆಯಿಲ್ಲದೆ ಜೊತೆಗಿರುತ್ತಾರೆ. ಪುಣೆಯಲ್ಲಿ ಹಿರಿಯರ ಲಿವ್-ಇನ್‌ಗೆಂದೇ 2012ರಲ್ಲಿ ಒಂದು ಮಂಡಳಿ ಹುಟ್ಟಿತು. ಆದರೆ ಜೊತೆಗಿದ್ದವರಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಪಾಲಿಲ್ಲ. ಉಯಿಲು ಬರೆಯದೆ ನೀವು ಹೋದರೆ ಮಕ್ಕಳು ಅವರಿಗೆ ಬಾಗಿಲು ತೋರಿಸಬಹುದು.

ಚಿನ್ನ, ಫ್ಲ್ಯಾಟು, ಉಯಿಲು

ಆಕೆಯ ಒಡವೆಗಳು ನಿಮ್ಮೊಬ್ಬರವಲ್ಲ. ಹಿಂದೂ ಹೆಂಗಸು ಉಯಿಲಿಲ್ಲದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನಂತೆ ಗಂಡ ಮತ್ತು ಮಕ್ಕಳಿಗೆ ಸಮಪಾಲು. ಲಾಕರಿನಿಂದ ತಂದು ಎಲ್ಲರ ಎದುರು ತೂಗಿಸಿ, ಪ್ರತಿ ಒಡವೆಯ ಫೋಟೋ ಮತ್ತು ಗ್ರಾಂ ಬರೆದು, ಮದುವೆಗೆ ಮೊದಲೇ ಮಕ್ಕಳಿಗೆ ಹಂಚಿ ಸಹಿ ಹಾಕಿಸಿ. ಕರಗಿಸಿ ಹಂಚುವುದು ನಷ್ಟ: ಮಜೂರಿ ಹೋಗುತ್ತದೆ, ಕಲ್ಲಿನ ತೂಕ, ಬೆಸುಗೆ ಎಂದು ಇನ್ನಷ್ಟು ಕಳೆಯುತ್ತಾರೆ. ಆಕೆಯ ಕರಿಮಣಿಯನ್ನು ಹೊಸಬರಿಗೆ ಕಟ್ಟುವ ಯೋಚನೆ, ಮುರಿದು ಹೊಸದು ಮಾಡಿಸುವ ಯೋಚನೆ ಎರಡೂ ಬಿಡಿ. ಅದು ಮಗಳಿಗೆ, ಇಲ್ಲವೇ ಸೊಸೆಗೆ.

ಫ್ಲ್ಯಾಟಿನ ಲೆಕ್ಕದಲ್ಲಿ ಎಡವುವವರು ಬಹಳ. ಇಬ್ಬರ ಹೆಸರಿನಲ್ಲಿ ಅರ್ಧರ್ಧ ಇತ್ತು, ಇಬ್ಬರು ಮಕ್ಕಳು ಅಂದುಕೊಳ್ಳಿ. ಆಕೆಯ ಅರ್ಧ ಮೂವರಿಗೆ ಹಂಚಿಹೋಗಿ ತಲಾ 1/6. ಈಗ ನಿಮ್ಮದು 2/3, ಮಕ್ಕಳದು 1/6, 1/6. ಸೊಸೈಟಿ ಶೇರ್ ಸರ್ಟಿಫಿಕೇಟಿನಲ್ಲಿ ನಾಮಿನಿಯೆಂದು ನಿಮ್ಮೊಬ್ಬರ ಹೆಸರು ಬಂದಿದ್ದರೂ ಇದು ಬದಲಾಗುವುದಿಲ್ಲ. ನಾಮಿನಿ ವಾರಸುದಾರರ ಪರವಾಗಿ ಹಿಡಿದಿಟ್ಟುಕೊಂಡವನು. ಮರುಮದುವೆಯಾಗಿ ಉಯಿಲಿಲ್ಲದೆ ನೀವು ಹೋದರೆ ನಿಮ್ಮ 2/3 ಹೊಸ ಹೆಂಡತಿ ಮತ್ತು ಇಬ್ಬರು ಮಕ್ಕಳಿಗೆ ತಲಾ 2/9 (ನಿಮ್ಮ ತಾಯಿ ಇದ್ದರೆ ಅವರಿಗೂ ಸಮಪಾಲು). ಅಂದರೆ ಮನೆಯ ಹದಿನೆಂಟು ಭಾಗದಲ್ಲಿ ಹೊಸ ಹೆಂಡತಿಗೆ ನಾಲ್ಕು, ಮಕ್ಕಳಿಗೆ ಏಳೇಳು. ಯಾರೂ ಯಾರನ್ನೂ ಬಿಡಿಸಲಾಗದ ಜಗಳ ಇದು. ಹೊಸ ಹೆಂಡತಿಯ ಮೊದಲ ಮದುವೆಯ ಮಕ್ಕಳು ನಿಮ್ಮ ವಾರಸುದಾರರಲ್ಲ, ಕೊಡಬೇಕೆಂದಿದ್ದರೆ ಉಯಿಲಿನಲ್ಲೇ ಬರೆಯಬೇಕು.

ಮಕ್ಕಳು "ಮೊದಲು ಮನೆ ನಮ್ಮ ಹೆಸರಿಗೆ ಮಾಡಿ, ಆಮೇಲೆ ಮದುವೆಯಾಗಿ" ಎಂದರೆ ಗಿಫ್ಟ್ ಡೀಡ್ ಮಾಡಿಕೊಡಬೇಡಿ, ಅದನ್ನು ಹಿಂತೆಗೆಯುವುದು ಕಷ್ಟ. ಉಯಿಲೇ ದಾರಿ. ಹೆಚ್ಚಿನವರಿಗೆ ಒಪ್ಪುವ ಸೂತ್ರ: ಹೊಸ ಹೆಂಡತಿಗೆ ಬದುಕಿರುವವರೆಗೆ ಆ ಮನೆಯಲ್ಲಿ ಇರುವ ಹಕ್ಕು, ಮಾರುವ ಹಕ್ಕಿಲ್ಲ, ನಂತರ ಮಕ್ಕಳಿಗೆ, ಠೇವಣಿಯಲ್ಲಿ ಇಷ್ಟು ಅವರಿಗೇ ಪೂರ್ತಿಯಾಗಿ. ಮಕ್ಕಳ 1/6 ಪಾಲು ನಿಮ್ಮ ಉಯಿಲಿಗೆ ಒಳಪಡದ ಕಾರಣ, ಅವರು ಈ ಏರ್ಪಾಡಿಗೆ ಒಪ್ಪಿದ್ದಾರೆಂದು ಬೇರೆ ಕಾಗದದಲ್ಲಿ ಬರೆಸಿಕೊಳ್ಳಿ. ಇದನ್ನು ವಕೀಲರಿಂದಲೇ ಬರೆಸಬೇಕು, ಏಕೆಂದರೆ ಹೆಂಡತಿಗೆ ಜೀವನಾಂಶದ ಬದಲಾಗಿ ಕೊಟ್ಟ ಸೀಮಿತ ಹಕ್ಕು ಅದೇ ಕಾಯ್ದೆಯ 14ನೇ ಕಲಮಿನಡಿ ಪೂರ್ಣ ಒಡೆತನವಾಗಿ ತಿರುಗಿದ ವ್ಯಾಜ್ಯಗಳು ಬೇಕಾದಷ್ಟಿವೆ. ಉಯಿಲಿಗೆ ಸ್ಟಾಂಪ್ ಕಾಗದ ಬೇಡ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಏನೂ ಪಾಲಿಲ್ಲದವರೇ ಸಾಕ್ಷಿಯಾಗಲಿ. ಹಳೆಯ ಉಯಿಲು ಇದ್ದರೆ ಹುಡುಕಿ ತೆಗೆಯಿರಿ. ಹಿಂದೂಗಳಲ್ಲಿ ಮದುವೆಯಿಂದ ಹಳೆಯ ಉಯಿಲು ರದ್ದಾಗುವುದಿಲ್ಲ, ಹತ್ತು ವರ್ಷದ ಹಿಂದೆ ಬರೆದದ್ದೇ ಚಾಲ್ತಿಯಲ್ಲಿರುತ್ತದೆ.

ಪಿಎಫ್, ಗ್ರ್ಯಾಚುಯಿಟಿ, ಎಲ್‌ಐಸಿ, ಡಿಮ್ಯಾಟ್, ಮ್ಯೂಚುವಲ್ ಫಂಡ್, ಬ್ಯಾಂಕ್: ತೀರಿಕೊಂಡ ಹೆಂಡತಿಯೇ ಇನ್ನೂ ನಾಮಿನಿ ಆಗಿರುವ ಖಾತೆ ಒಂದಾದರೂ ಇರುತ್ತದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಿ ಯಾರಿಗೆ ಶೇಕಡಾ ಎಷ್ಟು ಎಂದು ಬರೆಯಬಹುದು. ಮಕ್ಕಳು, ಹೊಸ ಹೆಂಡತಿ ಇಬ್ಬರಿಗೂ ಸಮಾಧಾನ. ಆರೋಗ್ಯ ವಿಮೆಗೆ ಹೊಸ ಹೆಂಡತಿಯನ್ನು ಸೇರಿಸುವಾಗ ಮೊದಲಿಂದಲೇ ಇರುವ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸುವ ಅವಕಾಶ ಕಂಪನಿಗಿದೆ, ಆದ್ದರಿಂದ ಅವರ ಹಳೆಯ ಪಾಲಿಸಿಯನ್ನು ಸದ್ಯ ನಿಲ್ಲಿಸಬೇಡಿ.

ನೋಂದಣಿ

ಮಹಾರಾಷ್ಟ್ರದಲ್ಲಿ ಶಾಸ್ತ್ರೋಕ್ತ ಮದುವೆಯಾದವರು 90 ದಿನದೊಳಗೆ ನೋಂದಣಿಗೆ ಕೊಡಬೇಕು. ಮುಂಬಯಿಯಲ್ಲಿ ಪಾಲಿಕೆಯ ವಾರ್ಡ್ ಕಚೇರಿ, ಮೂವರು ಸಾಕ್ಷಿಗಳು, ಪುರೋಹಿತರ ಸಹಿ, ಮದುವೆಯ ಫೋಟೋ. ಗುಲ್ಲು ಬೇಡವೆನ್ನುವವರು, ಬೇರೆ ಧರ್ಮದವರನ್ನು ಆಗುವವರು 1954ರ ವಿಶೇಷ ವಿವಾಹ ಕಾಯ್ದೆಯಡಿ ಆಗಬಹುದು: ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿರಬೇಕು, ನೋಟಿಸ್ ಹಚ್ಚಿ 30 ದಿನ ಕಳೆಯಬೇಕು, ನೋಟಿಸಿನಿಂದ ಮೂರು ತಿಂಗಳೊಳಗೆ ಮದುವೆ ಮುಗಿಯಬೇಕು.

ಎರಡರಲ್ಲೂ ಅರ್ಜಿ ನಿಲ್ಲುವುದು ಮೊದಲ ಹೆಂಡತಿಯ ಮರಣ ಪ್ರಮಾಣಪತ್ರದ ಬಳಿ. ಮುಂಬಯಿಯ ಪತ್ರದಲ್ಲಿ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಂಬ ಸಾಲು. ಊರಿನ ದಾಖಲೆಗಳಲ್ಲಿ ಇನಿಷಿಯಲ್, ಇಲ್ಲವೇ ತವರಿನ ಹೆಸರು. ಎರಡೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿಡಿ, ಅಕ್ಷರವೇ ತಪ್ಪಿದ್ದರೆ ಮರಣ ದಾಖಲಾದ ಕಚೇರಿಯಲ್ಲೇ ತಿದ್ದಿಸಬೇಕು. ಊರಿನಲ್ಲಿ ತೀರಿಕೊಂಡಿದ್ದರೆ ಕರ್ನಾಟಕದ ಜನನ ಮರಣ ನೋಂದಣಿ ತಾಣ ಇ-ಜನ್ಮದ ಮೂಲಕ ಪ್ರತಿ ತೆಗೆಸಿ. ಕನ್ನಡದಲ್ಲಷ್ಟೇ ಇರುವ ಹಳೆಯ ಪತ್ರಕ್ಕೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಇಟ್ಟುಕೊಳ್ಳಿ. ಹಾಗೆಯೇ ನಿಮ್ಮ ಪಾಸ್‌ಪೋರ್ಟಿನಲ್ಲಿ ಇನ್ನೂ ಆಕೆಯ ಹೆಸರಿರುತ್ತದೆ. ಮಗನ ಬಳಿ ಹೊರದೇಶಕ್ಕೆ ಇಬ್ಬರೂ ಹೋಗುವುದಿದ್ದರೆ ವೀಸಾಕ್ಕಿಂತ ಮೊದಲು ಅದನ್ನು ಬದಲಿಸಿ.

ಗೋವಾದಲ್ಲಿ ನೆಲೆಸಿದವರಿಗೆ ಲೆಕ್ಕವೇ ಬೇರೆ. ಅಲ್ಲಿನ ಪೋರ್ಚುಗೀಸ್ ಕಾಲದ ಸಿವಿಲ್ ಕೋಡಿನಂತೆ, ಬೇರೆ ಕರಾರಿಲ್ಲದಿದ್ದರೆ ಗಂಡಹೆಂಡಿರ ಆಸ್ತಿ ಒಂದೇ ರಾಶಿ, ಅರ್ಧರ್ಧ. ಮೊದಲ ಹೆಂಡತಿ ಹೋದಾಗ ಆಕೆಯ ಅರ್ಧ ಮಕ್ಕಳಿಗೆ ಸೇರುತ್ತದೆ, ಅದನ್ನು ಇನ್ವೆಂಟರಿ (ಆಸ್ತಿ ಪಟ್ಟಿ ಮಾಡಿ ಹಂಚುವ) ಪ್ರಕ್ರಿಯೆಯಲ್ಲಿ ಬೇರ್ಪಡಿಸದೆ ಎರಡನೇ ಮದುವೆಯಾದರೆ ಎರಡು ರಾಶಿ ಬೆರೆತುಹೋಗುತ್ತವೆ. ಆಸ್ತಿ ಬೇರೆಯೇ ಇರಲಿ ಎಂಬ ಕರಾರನ್ನು ಮದುವೆಗೆ ಮೊದಲೇ ನೋಂದಾಯಿಸಬೇಕು, ಆಮೇಲೆ ಬದಲಿಸುವಂತಿಲ್ಲ. ಉಯಿಲಿನಿಂದ ಇಚ್ಛೆಯಂತೆ ಕೊಡಬಹುದಾದ್ದೂ ಅರ್ಧ ಮಾತ್ರ. ವಾಸ್ಕೋ, ಮಡಗಾಂವಿನಲ್ಲಿರುವ ಕನ್ನಡಿಗರಿಗೆ ಇದು ಅನ್ವಯಿಸುವುದೇ ಎಂಬುದು ಮೊದಲ ಮದುವೆ ಎಲ್ಲಿ ದಾಖಲಾಗಿತ್ತು, ಕಾಯಂ ನೆಲೆ ಯಾವುದು ಎಂಬುದರ ಮೇಲೆ ನಿಂತಿದೆ. ಅಲ್ಲಿಯ ವಕೀಲರಿಗೇ ಕಾಗದ ತೋರಿಸಿ.

ಮದುವೆಯಾದ ಮೇಲೆ

ಹಳೆಯ ಹೆಸರು ಬಾಯಿಗೆ ಬಂದೇ ಬರುತ್ತದೆ, ಹೆಚ್ಚಾಗಿ ಸ್ನಾನದ ಟವೆಲ್ಲೋ ಚಹಾವೋ ಕೇಳುವಾಗ. "ತಪ್ಪಾಯಿತು" ಎಂದು ಒಮ್ಮೆ ಹೇಳಿ ಸರಿಯಾದ ಹೆಸರು ಹಿಡಿದು ಕರೆಯಿರಿ. ಅರ್ಧ ಗಂಟೆ ಸಮಜಾಯಿಷಿ ಕೊಟ್ಟರೆ ಸಣ್ಣದು ದೊಡ್ಡದಾಗುತ್ತದೆ. ಸಾರನ್ನು ಹೋಲಿಸಬೇಡಿ, ಹೊಗಳಲೂ ಹೋಲಿಸಬೇಡಿ: "ಅವಳಿಗಿಂತ ನಿನ್ನ ಸಾರು ಚೆನ್ನಾಗಿದೆ" ಎಂದರೂ ಊಟದ ತಟ್ಟೆಯ ಮುಂದೆ ಇಬ್ಬರು ಕೂತಂತೆಯೇ. ಆಕೆಯ ಕೈರುಚಿಯ ಮಾವಿನ ಉಪ್ಪಿನಕಾಯಿಯೇ ಬೇಕೆನಿಸಿದರೆ ಅಳತೆಯನ್ನು ಆಕೆಯ ತಂಗಿಯಿಂದ ಬರೆಸಿಕೊಂಡು ನೀವೇ ಹಾಕಿ.

ದುಃಖವನ್ನು ಹೊಸ ಹೆಂಡತಿಯಿಂದ ಮುಚ್ಚಿಡುವುದೂ ಬೇಡ, ಅವರೊಬ್ಬರ ಮೇಲೆಯೇ ಸುರಿಯುವುದೂ ಬೇಡ. ಆಕೆಯನ್ನು ಬಲ್ಲ ಒಬ್ಬ ಗೆಳೆಯನೋ ಭಾವಮೈದುನನೋ ತಿಂಗಳಿಗೊಮ್ಮೆ ಸಿಗುವಂತಿರಲಿ. ಅವರ ಜೊತೆ ಎಷ್ಟು ಬೇಕಾದರೂ ಆಕೆಯ ಮಾತಾಡಿ.

ಬಂದವರೂ ಗಂಡನನ್ನು ಕಳೆದುಕೊಂಡವರಾದರೆ ಗೋಡೆಯ ಮೇಲೆ ಎರಡನೇ ಫೋಟೋಕ್ಕೆ ಅದೇ ಅಳತೆಯ ಫ್ರೇಮು ಹಾಕಿಸಿ, ಅದೇ ಸಾಲಿನಲ್ಲಿ. ಅವರ ಗಂಡನ ತಿಥಿಯನ್ನು ಮಗ ಠಾಣೆಯಲ್ಲೋ ಡೊಂಬಿವಲಿಯಲ್ಲೋ ಮಾಡುತ್ತಿದ್ದರೆ ಹಿಂದಿನ ದಿನವೇ ಅಲ್ಲಿಗೆ ಹೋಗಲು ಅವರಿಗೆ ಬಿಡುವು ಮಾಡಿಕೊಡಿ. ಕರೆದರೆ ಮಾತ್ರ ನೀವೂ ಹೋಗಿ. ಆ ರಾತ್ರಿ ಮನೆಯ ಅಡುಗೆ ನಿಮ್ಮದು: ಅರ್ಧ ಲೋಟ ಅಕ್ಕಿಯ ಅಳತೆ ಈಗಾಗಲೇ ಗೊತ್ತಿದೆ, ಅವರು ವಾಪಸು ಬಂದು ಉಣ್ಣುವುದಿದ್ದರೆ ಮುಕ್ಕಾಲು ಲೋಟ ಇಡಿ.